ಗಲ್ಲಾದ ಬಳಿಯ ಗಣಕಯಂತ್ರ: ಸಣ್ಣ ದೋಷಗಳಿಗೆ ಸುಲಭ ಪರಿಹಾರ

ಒಲೆಯ ಉರಿ ಕುಂದಿತೆಂದು ಯಾವ ಅಡಿಗೆ ಭಟ್ಟರೂ ಒಲೆಯನ್ನು ಕಿತ್ತೆಸೆಯುವುದಿಲ್ಲ. ಮೊದಲು ಬರ್ನರಿನ ತೂತಿಗೆ ಪಿನ್ನು ಚುಚ್ಚಿ ನೋಡುತ್ತಾರೆ. ಬಳಿಕ ಕೊಳವೆ ಎಲ್ಲಿಯಾದರೂ ಮಡಚಿಕೊಂಡಿದೆಯೇ ಎಂದು ಪರೀಕ್ಷಿಸುತ್ತಾರೆ. ಕೊನೆಗೆ ಸಿಲಿಂಡರಿನಲ್ಲಿ ಅನಿಲವಿದೆಯೇ ಎಂದು ಎತ್ತಿ ತೂಗುತ್ತಾರೆ. ಇಷ್ಟು ವಿವೇಕವುಳ್ಳ ನಮ್ಮವರೇ ಗಲ್ಲಾದ ಬಳಿಯ ಕಂಪ್ಯೂಟರು ಮುನಿಸಿಕೊಂಡಿತೆಂದರೆ ಕೈಕಟ್ಟಿ ದೂರ ನಿಲ್ಲುವರು. ಅದೇನೋ ವಿದ್ಯಾವಂತರ ವಸ್ತು, ನಾವು ಮುಟ್ಟಿದರೆ ಹಾಳಾದೀತು ಎಂಬ ಭಯ. ಈ ಭಯದಿಂದ ಆಗುವ ನಷ್ಟವೆಷ್ಟು ಎಂಬುದನ್ನು ಈಚೆಗೆ ನಮ್ಮ ಎಣ್ಣೂರಿನಲ್ಲಿಯೇ ಕಣ್ಣಾರೆ ಕಂಡೆವಾದ ಕಾರಣ ಈ ಲೇಖನವನ್ನು ಬರೆಯಬೇಕಾಯಿತು.

ನಮ್ಮ ಹೋಟೆಲು ಬಂಧುಗಳು ಕೆಲವರು ಕೂಡಿ ಒಂದು ಸಹಾಯ ನಿಧಿಯನ್ನು ಬಹುಕಾಲದಿಂದ ನಡೆಸಿಕೊಂಡು ಬಂದಿದ್ದಾರೆ. ತಿಂಗಳಿಗೆ ಇಷ್ಟೆಂದು ಎಲ್ಲರೂ ಹಾಕುವುದು. ಯಾರಾದರೂ ತೀರಿಕೊಂಡರೆ ಊರಿನಲ್ಲಿರುವ ಅವರ ಮನೆಯವರಿಗೆ ಹಣ ಮುಟ್ಟಿಸುವುದು. ಹತ್ತು ವರ್ಷ ತಪ್ಪದೆ ಕಟ್ಟಿದವರಿಗೆ ಪೂರ್ಣ ಮೊತ್ತ, ಉಳಿದವರಿಗೆ ಅರ್ಧ ಎಂಬುದು ನಿಯಮ. ಬೈಂದೂರು ಕಡೆಯ ಅಡಿಗೆಯವರೊಬ್ಬರು ತೀರಿಕೊಂಡಾಗ, ಅವರು ಎಷ್ಟು ವರ್ಷ ಕಟ್ಟಿದ್ದಾರೆಂದು ತಿಳಿಯಲು ಹಳೆಯ ಪಟ್ಟಿಯನ್ನು ಹೊಸ ಕಂಪ್ಯೂಟರಿನಲ್ಲಿ ತೆರೆದರು. ನೋಡುವುದೇನು! ಒಂದಕ್ಷರ ಕನ್ನಡವಿಲ್ಲ. ಪುಟದ ತುಂಬ ಇಂಗ್ಲಿಷ್ ಅಕ್ಷರಗಳು. ಅವುಗಳ ನೆತ್ತಿಯ ಮೇಲೆ ಚುಕ್ಕಿ, ಟೋಪಿ, ಓರೆಗೆರೆ. ಕರೆಸಿದ ರಿಪೇರಿಯವನು ಎರಡು ನಿಮಿಷ ನೋಡಿ, “ವೈರಸ್ ಹೊಡೆದಿದೆ ಸಾರ್, ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಬೇಕು” ಎಂದನು. ನಿಧಿಯವರು ಒಪ್ಪಿಯೂ ಬಿಟ್ಟಿದ್ದರು.

ದೈವಯೋಗದಿಂದ ಆ ಹೊತ್ತಿಗೆ ನಾವು ಅಲ್ಲಿಗೆ ಹೋಗಿದ್ದೆವು. ನಮ್ಮ ಜೊತೆಗಿದ್ದ ಗಲ್ಲಾದ ಹುಡುಗ ಪರದೆಯ ಮೇಲ್ಭಾಗವನ್ನು ತೋರಿಸಿ, “ಧಣಿ, ಅಕ್ಷರದ ಹೆಸರಿನ ಚೌಕದಲ್ಲಿ ನುಡಿ ಎಂದು ಬರುತ್ತಿದೆಯಲ್ಲ?” ಎಂದನು. ಮೂಲೆಯಲ್ಲಿ ಧೂಳು ಹಿಡಿದು ಬಿದ್ದಿದ್ದ ಹಳೆಯ ಯಂತ್ರವನ್ನು ಹಚ್ಚಿ, ಅದರ ಫಾಂಟುಗಳ ಕೋಶದಿಂದ ‘ನುಡಿ’ ಅಕ್ಷರದ ಫೈಲುಗಳನ್ನು ಪೆನ್‌ಡ್ರೈವಿನಲ್ಲಿ ತಂದು, ಹೊಸ ಯಂತ್ರದಲ್ಲಿ ಅವುಗಳ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ಇನ್‌ಸ್ಟಾಲ್’ ಎಂದೆವು. ಪಟ್ಟಿಯನ್ನು ಮುಚ್ಚಿ ತೆರೆದರೆ ಇಪ್ಪತ್ತು ವರ್ಷಗಳ ಹೆಸರುಗಳು ಒಂದೊಂದಾಗಿ ಎದ್ದು ನಿಂತವು. ತೀರಿಕೊಂಡವರು ಹನ್ನೊಂದು ವರ್ಷ ಒಂದು ತಿಂಗಳೂ ಬಿಡದೆ ಕಟ್ಟಿದ್ದರು. ಅವರ ಹೆಂಡತಿಗೆ ಪೂರ್ಣ ಮೊತ್ತ ಸಂದಾಯವಾಯಿತು. ಅಳಿಸಿಬಿಟ್ಟಿದ್ದರೆ ಆ ತಾಯಿಗೆ ಯಾರು ಏನು ಉತ್ತರ ಕೊಡಬೇಕಾಗಿತ್ತು?

ನಾವು ಓದಿದ್ದು ಎಸ್.ಎಸ್.ಎಲ್.ಸಿ.ವರೆಗೆ, ಪತ್ರಿಕೆಗೆ ಬರುವ ಮುನ್ನ ಗಲ್ಲಾದಲ್ಲಿ ಕುಳಿತು ಬಿಲ್ಲು ಹರಿದವರು. ಆದುದರಿಂದ ಇಲ್ಲಿ ಹೇಳುವುದು ಪಂಡಿತರ ಮಾತಲ್ಲ; ಕೈಸುಟ್ಟುಕೊಂಡು ಕಲಿತವರ ಮಾತೆಂದು ವಾಚಕರು ತಿಳಿಯಬೇಕು.

ಅಕ್ಷರಗಳು ಕೆಡುವುದೇಕೆ?

ಆರಂಭದ ದಿನಗಳಲ್ಲಿ ಕಂಪ್ಯೂಟರಿಗೆ ಕನ್ನಡ ಲಿಪಿಯೆಂಬುದೇ ಗೊತ್ತಿರಲಿಲ್ಲ. ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಜಾಗಗಳಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು ಕೂಡಿಸಿ ನಮ್ಮವರು ಕೆಲಸ ಸಾಗಿಸಿದರು. ನುಡಿಯ ಹಳೆಯ ಫಾಂಟಿನಲ್ಲಿ ‘ಕ’ ಎಂದು ಬರೆದರೆ ಯಂತ್ರವು ಒಳಗೆ ಬರೆದಿಟ್ಟುಕೊಳ್ಳುವುದು ಇಂಗ್ಲಿಷಿನ ದೊಡ್ಡ ‘ಪಿ’ ಅಕ್ಷರವನ್ನೂ, ತಲೆಕಟ್ಟಿಗಾಗಿ ನೆತ್ತಿಯ ಮೇಲೆ ಗೆರೆಯುಳ್ಳ ‘ಎ’ ಅಕ್ಷರವನ್ನೂ. ನುಡಿ ಫಾಂಟು ಎಂಬ ಕನ್ನಡಕವನ್ನು ಹಾಕಿದರೆ ಅದು ‘ಕ’ ಆಗಿ ಕಾಣುತ್ತದೆ. ಕನ್ನಡಕ ತೆಗೆದರೆ ಕಸವಾಗಿ ಕಾಣುತ್ತದೆ. ಬರೆದುದು ಎಲ್ಲಿಗೂ ಹೋಗಿರುವುದಿಲ್ಲ. ಹೀಗೆ ಅಕ್ಷರ ಕೆಟ್ಟಂತೆ ಕಂಡಾಗ ಮಾಡಬೇಕಾದ ಮೊದಲ ಕೆಲಸ, ಆ ಸಾಲನ್ನು ಗುರುತು ಮಾಡಿ ಫಾಂಟಿನ ಚೌಕದಲ್ಲಿ ಯಾವ ಹೆಸರಿದೆಯೆಂದು ಓದುವುದು. ಮಾಡಬಾರದ ಕೆಲಸ, ಹಾಗೆ ಕಂಡುದನ್ನೇ ತಿದ್ದಿ ಉಳಿಸುವುದು.

ಆದರೂ ಕನ್ನಡಕವನ್ನೇ ಎಷ್ಟು ದಿನ ನಂಬುವುದು? ಲೋಕದ ಲಿಪಿಗಳಿಗೆಲ್ಲ ಬೇರೆಬೇರೆ ಅಂಕಿಯನ್ನು ಗೊತ್ತುಮಾಡಿದ ಯೂನಿಕೋಡ್ ಎಂಬ ಏರ್ಪಾಡು 1991ರಲ್ಲಿ ಹೊರಬಂದಾಗಲೇ ಅದರಲ್ಲಿ ಕನ್ನಡಕ್ಕೆ ಜಾಗವಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಎಂಬ ಕನ್ನಡ ಫಾಂಟು ಬಂದಿತು. ಈಗ ಫೋನು, ಮಿಂಚಂಚೆ, ವಾಟ್ಸಾಪು ಎಲ್ಲವೂ ಯೂನಿಕೋಡಿನಲ್ಲಿಯೇ ನಡೆಯುತ್ತಿವೆ. ಹಳೆಯ ನುಡಿಯ ಫೈಲುಗಳನ್ನು ಯೂನಿಕೋಡಿಗೆ ಮಾರ್ಪಡಿಸುವ ಪರಿವರ್ತಕಗಳು ಉಚಿತವಾಗಿ ದೊರೆಯುತ್ತವೆ. ಆದರೆ ಮೂರು ಎಚ್ಚರಿಕೆಗಳುಂಟು: ಮೂಲ ಫೈಲನ್ನು ಹಾಗೆಯೇ ಇಟ್ಟು ಪ್ರತಿಯನ್ನು ಮಾತ್ರ ಮಾರ್ಪಡಿಸಬೇಕು; ನಡುವೆ ಇಂಗ್ಲಿಷಿನಲ್ಲಿದ್ದ ಹೆಸರುಗಳು ಕನ್ನಡದ ಅರ್ಥಹೀನ ಅಕ್ಷರಗಳಾಗುವುದುಂಟಾದ್ದರಿಂದ ಅವನ್ನು ತಿದ್ದಬೇಕು; ಅರ್ಕಾವತ್ತು, ಒತ್ತಕ್ಷರಗಳನ್ನು ಕಣ್ಣಿಟ್ಟು ಓದಬೇಕು.

ಕನ್ನಡ ಕೀಲಿಮಣೆ

‘ನಮಗೆ ಕನ್ನಡ ಟೈಪು ಬಾರದು’ ಎನ್ನುವ ಗುಮಾಸ್ತರು ಬಹುಮಂದಿ. ಬಾರದಿರಲು ಕಾರಣವೇ ಇಲ್ಲ. ಮಂಗಳೂರಿನ ಬಳಿಯ ಕಿನ್ನಿಕಂಬಳದವರಾದ ಶ್ರೀ ಕೆ.ಪಿ. ರಾಯರು ಕನ್ನಡ ವರ್ಣಮಾಲೆಯ ಸ್ವಭಾವವನ್ನರಿತು ರೂಪಿಸಿದ ಕೀಲಿಮಣೆ ವಿನ್ಯಾಸವನ್ನೇ ಕರ್ನಾಟಕ ಸರ್ಕಾರವು ಅಂಗೀಕರಿಸಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಲ್ಲಿರುವುದೂ ಅದೇ. ಇಂಗ್ಲಿಷಿನ ‘ಕೆ’ ಗುಂಡಿಗೆ ‘ಕ’, ಶಿಫ್ಟ್ ಹಿಡಿದು ಒತ್ತಿದರೆ ‘ಖ’. ಅಕ್ಷರವನ್ನು ಅರ್ಧ ಮಾಡಲು ‘ಎಫ್’ ಗುಂಡಿ. ಇಂಗ್ಲಿಷ್ ಕೀಲಿಮಣೆ ಬಲ್ಲವನಿಗೆ ಒಂದು ವಾರದ ರಾತ್ರಿಗಳು ಸಾಕು. ಇಂಗ್ಲಿಷಿನ ಉಚ್ಚಾರವನ್ನು ಬರೆದರೆ ಕನ್ನಡವಾಗುವ ಕ್ರಮವೇ ಬೇಕೆನ್ನುವವರಿಗೆ 1998ರಲ್ಲಿ ಹೊರಬಂದ ‘ಬರಹ’ ತಂತ್ರಾಂಶವು ದಾರಿ ತೋರಿತು. ಈಗ ವಿಂಡೋಸಿನಲ್ಲಿಯೂ ಅಂಥ ಕೀಲಿಮಣೆಯುಂಟು.

ಅದನ್ನು ಪಡೆಯುವ ಬಗೆ ಹೀಗೆ: ಸೆಟ್ಟಿಂಗ್ಸ್ ತೆರೆದು ‘ಟೈಮ್ ಆಂಡ್ ಲ್ಯಾಂಗ್ವೇಜ್’ ವಿಭಾಗಕ್ಕೆ ಹೋಗಿ, ‘ಆಡ್ ಎ ಲ್ಯಾಂಗ್ವೇಜ್’ ಒತ್ತಿ ಕನ್ನಡವನ್ನು ಆರಿಸುವುದು. ಬಳಿಕ ಕನ್ನಡದ ಆಯ್ಕೆಗಳಲ್ಲಿ ‘ಫೊನೆಟಿಕ್’ ಕೀಲಿಮಣೆಯನ್ನು ಸೇರಿಸುವುದು. ವಿಂಡೋಸ್ ಗುಂಡಿಯನ್ನು ಹಿಡಿದು ಸ್ಪೇಸ್ ಒತ್ತಿದರೆ ಕನ್ನಡ, ಮತ್ತೆ ಒತ್ತಿದರೆ ಇಂಗ್ಲಿಷ್. ಕಾಸಿನ ಖರ್ಚಿಲ್ಲ.

ಬರೆದುದನ್ನೇ ದಿನವೂ ಬರೆಯುವ ಗುಮಾಸ್ತರಿಗೆ ಇನ್ನೊಂದು ಸೂಚನೆ. ವರ್ಡ್ ತಂತ್ರಾಂಶದಲ್ಲಿ ಫೈಲ್, ಆಪ್ಷನ್ಸ್, ಪ್ರೂಫಿಂಗ್ ಎಂಬ ದಾರಿಯಲ್ಲಿ ಹೋದರೆ ‘ಆಟೋಕರೆಕ್ಟ್’ ಎಂಬ ಕೋಷ್ಟಕ ಸಿಗುತ್ತದೆ. ಎಡಗಡೆ ಎರಡು ಮೂರು ಅಕ್ಷರದ ಸಂಕೇತವನ್ನೂ ಬಲಗಡೆ ಕಂಪನಿಯ ಪೂರ್ಣ ಹೆಸರು ವಿಳಾಸಗಳನ್ನೂ ಒಮ್ಮೆ ತುಂಬಿಟ್ಟರೆ, ಮುಂದೆ ಸಂಕೇತವನ್ನು ಬರೆದು ಸ್ಪೇಸ್ ಒತ್ತಿದ ಕೂಡಲೇ ವಿಳಾಸವೆಲ್ಲ ತಾನಾಗಿ ಇಳಿಯುತ್ತದೆ. ಬಂದರಿನ ಕಚೇರಿಗಳಲ್ಲಿ ದಿನಕ್ಕೆ ನಲವತ್ತು ಪತ್ರ ಬರೆಯುವ ನಮ್ಮ ಮಿತ್ರರೊಬ್ಬರು ಇದನ್ನು ಕಲಿತ ಮೇಲೆ ಸಂಜೆಯ ಮೊದಲನೆಯ ಗಾಡಿಯನ್ನೇ ಹಿಡಿಯುತ್ತಿದ್ದಾರೆ.

ಲೆಕ್ಕದ ಹಾಳೆಯ ಮೋಸಗಳು

ಎಕ್ಸೆಲ್ ಹಾಳೆಯು ಲೆಕ್ಕವನ್ನು ತಪ್ಪುವುದಿಲ್ಲ. ಆದರೆ ನಾವು ಹೇಳಿದುದನ್ನು ಬೇರೆ ರೀತಿಯಲ್ಲಿ ತಿಳಿದುಕೊಳ್ಳುವುದುಂಟು. ಅವುಗಳಲ್ಲಿ ನಾಲ್ಕನ್ನು ಇಲ್ಲಿ ಹೇಳುತ್ತೇವೆ.

ಮೊದಲನೆಯದು ತಾರೀಖು. ಯಂತ್ರದ ಏರ್ಪಾಡು ಅಮೆರಿಕದ್ದಾಗಿದ್ದರೆ, ನಾವು ಮಾರ್ಚ್ 4 ಎಂದು ತಿಳಿದು 4-3 ಎಂದು ಬರೆದುದನ್ನು ಅದು ಏಪ್ರಿಲ್ 3 ಎಂದು ತಿಳಿಯುತ್ತದೆ. 13-4 ಎಂದು ಬರೆದರೆ, ಹದಿಮೂರನೆಯ ತಿಂಗಳು ಇಲ್ಲವಾದುದರಿಂದ, ಅದನ್ನು ತಾರೀಖೆಂದೇ ಎಣಿಸುವುದಿಲ್ಲ. ಗುರುತು ಸುಲಭ: ಏನನ್ನೂ ಬದಲಾಯಿಸದ ಹಾಳೆಯಲ್ಲಿ ನಿಜವಾದ ತಾರೀಖು ಮನೆಯ ಬಲಕ್ಕೆ ಒತ್ತಿ ನಿಲ್ಲುತ್ತದೆ, ಬರಿಯ ಬರಹವು ಎಡಕ್ಕೆ. ಕಂಟ್ರೋಲ್ ಪ್ಯಾನೆಲಿನ ‘ರೀಜನ್’ ಎಂಬಲ್ಲಿ ‘ಇಂಗ್ಲಿಷ್, ಇಂಡಿಯಾ’ ಎಂದು ಆರಿಸಿದರೆ ಮುಂದೆ ಬರೆಯುವುದೆಲ್ಲ ಸರಿಯಾಗುತ್ತದೆ. ಲಕ್ಷವು 100,000 ಎಂದಾಗದೆ ನಮ್ಮ ಕ್ರಮದಂತೆ 1,00,000 ಎಂದು ಕಾಣುವುದೂ ಇದರಿಂದಲೇ. ಹಿಂದೆ ತಪ್ಪಾಗಿ ಬರೆದುದನ್ನು ಮಾತ್ರ ಕೈಯಿಂದಲೇ ತಿದ್ದಬೇಕು.

ಎರಡನೆಯದು ಬ್ಯಾಂಕಿನ ಖಾತೆಯ ಸಂಖ್ಯೆ. ಎಕ್ಸೆಲ್ ಯಾವ ಅಂಕಿಯಲ್ಲಿಯೂ ಮೊದಲ 15 ಸ್ಥಾನಗಳನ್ನು ಮಾತ್ರ ನೆನಪಿಡುತ್ತದೆ. ಹದಿನಾರನೆಯದನ್ನು ಸೊನ್ನೆ ಮಾಡಿಬಿಡುತ್ತದೆ. ಅಂಕಿಯ ಮುಂದಿನ ಸೊನ್ನೆಗಳನ್ನು ನುಂಗಿಹಾಕುತ್ತದೆ. ಊರಿಗೆ ಹಣ ಕಳುಹಿಸುವ ಪಟ್ಟಿಯಲ್ಲಿ ಇಂಥ ಒಂದು ತಪ್ಪಾದರೆ ಪರಿಣಾಮವೇನೆಂದು ಹೇಳಬೇಕಾಗಿಲ್ಲ. ಬರೆಯುವ ಮೊದಲೇ ಆ ಕಂಬಸಾಲನ್ನು ಗುರುತು ಮಾಡಿ, ಕಂಟ್ರೋಲ್ ಹಿಡಿದು 1 ಒತ್ತಿ, ‘ಟೆಕ್ಸ್ಟ್’ ಎಂದು ಆರಿಸಿಕೊಳ್ಳಬೇಕು. ಹೋದ ಅಂಕಿ ಆಮೇಲೆ ಮಾಡಿದರೆ ಬರುವುದಿಲ್ಲ.

ಮೂರನೆಯದು ಪೈಸೆಯ ವ್ಯತ್ಯಾಸ. ಸಾಮಾನ್ಯ ಹೋಟೆಲುಗಳ ಊಟತಿಂಡಿಗೆ 2017ರ ನವೆಂಬರ್ 15ರಿಂದ ಶೇಕಡಾ 5 ಜಿಎಸ್‌ಟಿ ಇದೆ. ಅರ್ಧ ಕೇಂದ್ರದ್ದು, ಅರ್ಧ ರಾಜ್ಯದ್ದು. 95 ರೂಪಾಯಿ ಊಟಕ್ಕೆ ಅರ್ಧ ತೆರಿಗೆ 2.375 ರೂಪಾಯಿ. ಹಾಳೆಯು ಇದನ್ನು 2.38 ಎಂದು ತೋರಿಸುತ್ತದೆ. ಆದರೆ ಒಳಗೆ 2.375 ಎಂದೇ ಇಟ್ಟುಕೊಂಡಿರುತ್ತದೆ. ಎರಡು 2.38 ಕೂಡಿದರೆ ಗಿರಾಕಿಯ ಲೆಕ್ಕದಲ್ಲಿ 4.76, ಯಂತ್ರದ ಲೆಕ್ಕದಲ್ಲಿ 4.75. ತಿಂಗಳ ಕೊನೆಗೆ ಲೆಕ್ಕ ಹೊಂದದೆ ಗಲ್ಲಾದವನ ಮೇಲೆ ಸಂಶಯ ಬರುವುದು ಹೀಗೆಯೇ. ತೆರಿಗೆಯ ಮನೆಯಲ್ಲಿ ‘ರೌಂಡ್’ ಎಂಬ ಸೂತ್ರವನ್ನು ಹಾಕಿ ಎರಡು ದಶಾಂಶಕ್ಕೆ ನಿಲ್ಲಿಸಿದರೆ, ಕಾಣುವುದೂ ಇರುವುದೂ ಒಂದೇ ಆಗುತ್ತದೆ. ಪೈಸೆಯ ವ್ಯತ್ಯಾಸಕ್ಕಾಗಿ ಪ್ರಾಮಾಣಿಕನಾದ ಹುಡುಗನ ಮೇಲೆ ಹರಿಹಾಯುವ ಮುನ್ನ ಮಾಲೀಕರು ಇದನ್ನೊಮ್ಮೆ ನೋಡುವುದು ಧರ್ಮ. ನಾವು ಹಾಗೆ ನೋಡದೆ ಒಬ್ಬನನ್ನು ನೋಯಿಸಿದ್ದೇವೆ. ಆ ಪಶ್ಚಾತ್ತಾಪವೇ ಇಷ್ಟು ಬರೆಯಿಸುತ್ತಿದೆ.

ನಾಲ್ಕನೆಯದು ದೋಷವಲ್ಲ, ಅನುಕೂಲ. 2010ರ ಜುಲೈ 15ರಂದು ಅಂಗೀಕೃತವಾದ ರೂಪಾಯಿ ಚಿಹ್ನೆಯನ್ನು ಬರೆಯಲು ಕೀಲಿಮಣೆಯನ್ನು ‘ಇಂಗ್ಲಿಷ್, ಇಂಡಿಯಾ’ ಎಂದು ಇಟ್ಟು, ಬಲಗಡೆಯ ಆಲ್ಟ್ ಹಿಡಿದು 4 ಒತ್ತಿದರೆ ಸಾಕು.

ಯಂತ್ರ ಮಿಸುಕದಿದ್ದರೆ

ಮಧ್ಯಾಹ್ನ ಊಟದ ಸಾಲು ಬಾಗಿಲವರೆಗೆ ನಿಂತಿರುವಾಗಲೇ ಬಿಲ್ಲಿನ ಯಂತ್ರ ಸ್ತಬ್ಧವಾಗುವುದು ಲೋಕರೂಢಿ. ಆಗ ಕೋಪದಿಂದ ವಿದ್ಯುತ್ ಗುಂಡಿಯನ್ನು ಒತ್ತಬಾರದು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಕೂಡಿ ಒತ್ತಿದರೆ ‘ಟಾಸ್ಕ್ ಮ್ಯಾನೇಜರ್’ ತೆರೆಯುತ್ತದೆ. ಅದರಲ್ಲಿ ‘ನಾಟ್ ರೆಸ್ಪಾಂಡಿಂಗ್’ ಎಂದಿರುವ ಒಂದನ್ನು ಮಾತ್ರ ಗುರುತಿಸಿ ‘ಎಂಡ್ ಟಾಸ್ಕ್’ ಎಂದರೆ ಉಳಿದವು ಬದುಕಿಕೊಳ್ಳುತ್ತವೆ. ಒಬ್ಬ ಸಪ್ಲೈಯರು ಜ್ವರದಿಂದ ಮಲಗಿದರೆ ಹೋಟೆಲನ್ನೇ ಮುಚ್ಚುವುದುಂಟೇ?

ಯಂತ್ರ ದಿನೇ ದಿನೇ ನಿಧಾನವಾದರೆ ‘ರೀಸ್ಟಾರ್ಟ್’ ಮಾಡಬೇಕು. ‘ರಾತ್ರಿ ಮುಚ್ಚಿ ಬೆಳಿಗ್ಗೆ ತೆರೆಯುತ್ತೇವಲ್ಲ’ ಎಂದು ಕೇಳುವವರುಂಟು. ವಿಂಡೋಸ್ 8ರಿಂದೀಚೆಗೆ ಬೇಗ ಎಚ್ಚರಗೊಳ್ಳಲೆಂದು ‘ಫಾಸ್ಟ್ ಸ್ಟಾರ್ಟಪ್’ ಎಂಬ ಏರ್ಪಾಡು ಬಂದಿದೆ. ಅದು ಜಾರಿಯಲ್ಲಿರುವಾಗ ‘ಷಟ್ ಡೌನ್’ ಎಂದರೂ ಯಂತ್ರವು ತನ್ನ ನೆನಪಿನ ಒಂದು ಭಾಗವನ್ನು ಬರೆದಿಟ್ಟುಕೊಂಡೇ ಮಲಗುತ್ತದೆ. ನೆನಪನ್ನು ಪೂರ್ತಿ ತೊಳೆದು ಹೊಸದಾಗಿ ಏಳುವುದು ‘ರೀಸ್ಟಾರ್ಟ್’ ಮಾಡಿದಾಗ. ಪಾತ್ರೆಗೆ ನೀರು ತೋರಿಸುವುದಕ್ಕೂ ತಿಕ್ಕಿ ತೊಳೆಯುವುದಕ್ಕೂ ಇರುವ ವ್ಯತ್ಯಾಸ ನಮ್ಮವರಿಗೆ ತಿಳಿಯದ್ದಲ್ಲ.

ಬಿಲ್ಲಿನ ಪ್ರಿಂಟರು ನಿಂತರೆ ಮೊದಲು ಕಾಗದದ ಸುರುಳಿಯನ್ನು ನೋಡಬೇಕು. ಶಾಖದಿಂದ ಅಚ್ಚಾಗುವ ಈ ಕಾಗದಕ್ಕೆ ಲೇಪನವಿರುವುದು ಒಂದೇ ಮೈಗೆ. ತಿರುವುಮುರುವಾಗಿ ಹಾಕಿದರೆ ಬಿಳಿಯ ಬಿಲ್ಲೇ ಬರುವುದು. ಉಗುರಿನಿಂದ ಗೀರಿದಾಗ ಕಪ್ಪಾಗುವ ಮೈಯೇ ಅಚ್ಚಿನ ಮೈ. ಕಾಗದ ಸರಿಯಿದ್ದೂ ಬಿಲ್ಲು ಬಾರದಿದ್ದರೆ, ಹಿಂದಿನ ಯಾವುದೋ ಬಿಲ್ಲು ಸಾಲಿನಲ್ಲಿ ಸಿಕ್ಕಿಕೊಂಡು ದಾರಿ ಕಟ್ಟಿರುತ್ತದೆ. ‘ಸರ್ವೀಸಸ್’ ಎಂದು ಹುಡುಕಿ ತೆರೆದು, ‘ಪ್ರಿಂಟ್ ಸ್ಪೂಲರ್’ ಎಂಬುದರ ಮೇಲೆ ಬಲಗುಂಡಿ ಒತ್ತಿ ‘ರೀಸ್ಟಾರ್ಟ್’ ಎಂದರೆ ಬಹುಮಟ್ಟಿಗೆ ದಾರಿ ಬಿಡುತ್ತದೆ.

ಅಳಿದುದನ್ನು ಉಳಿಸುವ ಬಗೆ

ತಪ್ಪಿ ಅಳಿಸಿದರೆ ಗಾಬರಿಯಿಂದ ಇನ್ನೂ ನಾಲ್ಕು ಗುಂಡಿ ಒತ್ತಬಾರದು. ಕಂಟ್ರೋಲ್ ಹಿಡಿದು ಝಡ್ ಒತ್ತಿದರೆ ಕೊನೆಯದಾಗಿ ಮಾಡಿದ ಕೆಲಸ ಹಿಂತಿರುಗುತ್ತದೆ. ಉಳಿಸದೆ ಮುಚ್ಚಿದ ಫೈಲನ್ನು ವರ್ಡಿನಲ್ಲಿಯೂ ಎಕ್ಸೆಲಿನಲ್ಲಿಯೂ ಫೈಲ್, ಇನ್‌ಫೋ ಎಂಬಲ್ಲಿ ‘ರಿಕವರ್ ಅನ್‌ಸೇವ್ಡ್’ ಎಂಬ ದಾರಿಯಿಂದ ಹುಡುಕಬಹುದು. ಇದು ಹತ್ತು ನಿಮಿಷಕ್ಕೊಮ್ಮೆ ತಾನಾಗಿ ಉಳಿಸಿಕೊಳ್ಳುವಂತೆ ಏರ್ಪಟ್ಟಿರುತ್ತದೆ. ಫೈಲ್, ಆಪ್ಷನ್ಸ್, ಸೇವ್ ಎಂಬಲ್ಲಿ ಎರಡು ನಿಮಿಷಕ್ಕೆ ಇಳಿಸಿದರೆ ಕರೆಂಟು ಹೋದಾಗ ಕಳೆಯುವುದು ಅತ್ಯಲ್ಪ.

ಆದರೆ ಯಂತ್ರವೇ ಹೋದರೆ? 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತ ಬಂದಾಗ ನೆರೆನೀರಿನೊಡನೆ ಎಣ್ಣೆ ಸೇರಿ ಬಕಿಂಗ್‌ಹ್ಯಾಮ್ ಕಾಲುವೆಯ ಮೂಲಕ ನಮ್ಮ ಎಣ್ಣೂರಿನ ಅಳಿವೆಗೆ ಹರಿದುದನ್ನು ಯಾರು ಮರೆತಾರು? ಮೀನುಗಾರರ ದೋಣಿಬಲೆಗಳೆಲ್ಲ ಕಪ್ಪಾದವು. ಆ ನೀರು ಹೊಕ್ಕ ಕಂಪ್ಯೂಟರನ್ನು ಯಾವ ರಿಪೇರಿಯವನೂ ಬದುಕಿಸಲಾರನು. ನಾವು ಹೋಟೆಲು ನಡೆಸುತ್ತಿದ್ದಾಗ ಆರು ತಿಂಗಳ ಲೆಕ್ಕವನ್ನು ಒಂದೇ ಯಂತ್ರದಲ್ಲಿಟ್ಟು, ಅದು ಸುಟ್ಟುಹೋದ ದಿನ ತಲೆಯ ಮೇಲೆ ಕೈಹೊತ್ತು ಕುಳಿತವರು. ಸಾಲಕೊಟ್ಟವರ ಹೆಸರೂ ಮರೆತುಹೋಯಿತು. ಸಾಲ ತಂದವರಿಗೆ ಮಾತ್ರ ಮರೆಯಲಿಲ್ಲ!

ಆದುದರಿಂದ ಲೆಕ್ಕದ ಫೈಲು ಮೂರು ಕಡೆ ಇರಬೇಕು: ಯಂತ್ರದಲ್ಲಿ ಒಂದು, ಪೆನ್‌ಡ್ರೈವಿನಲ್ಲಿ ಒಂದು, ಬೇರೆ ಸ್ಥಳದಲ್ಲಿ ಅಥವಾ ಅಂತರಜಾಲದ ಉಗ್ರಾಣದಲ್ಲಿ ಒಂದು. ಪೆನ್‌ಡ್ರೈವನ್ನು ಯಂತ್ರಕ್ಕೇ ಚುಚ್ಚಿ ಬಿಡಬಾರದು. 2017ರ ಮೇ ತಿಂಗಳಲ್ಲಿ ಲೋಕವನ್ನೇ ನಡುಗಿಸಿದ ವಾನಾಕ್ರೈ ಎಂಬ ಕೇಡಿನ ತಂತ್ರಾಂಶವು, ಯಂತ್ರಕ್ಕೆ ಅಂಟಿಕೊಂಡಿದ್ದ ಡ್ರೈವುಗಳ ಫೈಲುಗಳಿಗೂ ಬೀಗ ಹಾಕಿ ಹಣ ಕೇಳಿತು. ವಿಂಡೋಸಿನ ದೋಷವನ್ನು ಮುಚ್ಚುವ ತೇಪೆಯು ಅದಕ್ಕೆ ಎರಡು ತಿಂಗಳ ಹಿಂದೆಯೇ ಬಂದಿತ್ತು, ಹಚ್ಚಿಕೊಳ್ಳದವರು ಕೆಟ್ಟರು. ‘ಅಪ್‌ಡೇಟ್’ ಎಂಬುದನ್ನು ಪೀಡೆಯೆಂದು ತಳ್ಳುವವರು ಇದನ್ನು ನೆನೆಯಬೇಕು. ವಿಂಡೋಸ್ 10ಕ್ಕೆ ತೇಪೆ ಒದಗಿಸುವ ಸಾಮಾನ್ಯ ಏರ್ಪಾಡು 2025ರ ಅಕ್ಟೋಬರ್ 14ಕ್ಕೆ ಮುಗಿದಿದೆಯೆಂಬುದನ್ನೂ ಹಳೆಯ ಯಂತ್ರವುಳ್ಳವರು ತಿಳಿದಿರಬೇಕು.

ಕೈಯಲ್ಲಿರುವ ಫೋನು

ಕಂಪ್ಯೂಟರು ಇಲ್ಲದವರ ಕೈಯಲ್ಲಿಯೂ ಫೋನುಂಟು. ಅದರಲ್ಲಿ ಒಂದು ಆ್ಯಪು ಕೆಟ್ಟರೆ ಸೆಟ್ಟಿಂಗ್ಸಿನ ‘ಆ್ಯಪ್ಸ್’ ವಿಭಾಗದಲ್ಲಿ ಅದನ್ನು ಹುಡುಕಿ ಮೊದಲು ‘ಫೋರ್ಸ್ ಸ್ಟಾಪ್’, ಬಳಿಕ ‘ಕ್ಲಿಯರ್ ಕ್ಯಾಷ್’ ಮಾಡಬಹುದು. ಪಕ್ಕದಲ್ಲಿಯೇ ಇರುವ ‘ಕ್ಲಿಯರ್ ಡೇಟಾ’ ಅಥವಾ ‘ಕ್ಲಿಯರ್ ಸ್ಟೋರೇಜ್’ ಎಂಬುದನ್ನು ಮುಟ್ಟಬಾರದು. ಮೊದಲನೆಯದು ಮೇಜು ಒರಸಿದಂತೆ. ಎರಡನೆಯದು ಉಗ್ರಾಣವನ್ನು ಬೀದಿಗೆ ಸುರಿದಂತೆ. ಜಾಗ ತುಂಬಿತೆಂದರೆ ವಾಟ್ಸಾಪಿನ ‘ಮ್ಯಾನೇಜ್ ಸ್ಟೋರೇಜ್’ ತೆರೆದು ದೊಡ್ಡ ವಿಡಿಯೋಗಳನ್ನು ಅಳಿಸಿದರೆ ಸಾಕು. ಹೊಸ ಫೋನು ಬೇಕಿಲ್ಲ. ಊರಿನಲ್ಲಿರುವ ವೃದ್ಧ ತಂದೆತಾಯಿಗಳ ಫೋನಿನಲ್ಲಿ ಅಕ್ಷರದ ಗಾತ್ರವನ್ನು ದೊಡ್ಡದು ಮಾಡಿ, ಭಾಷೆಯನ್ನು ಕನ್ನಡಕ್ಕೆ ಬದಲಾಯಿಸಿ ಬರುವುದು, ರಜೆಯಲ್ಲಿ ಹೋದ ಮಗನು ಮಾಡಬಹುದಾದ ಅಲ್ಪವೆಚ್ಚದ ಸೇವೆ.

ಕೊನೆಯದಾಗಿ ಒಂದು ಎಚ್ಚರಿಕೆ. ‘ನಿಮ್ಮ ಯಂತ್ರ ಕೆಟ್ಟಿದೆ, ಇಲ್ಲಿಂದಲೇ ಸರಿಪಡಿಸುತ್ತೇವೆ, ಈ ಆ್ಯಪು ಹಾಕಿಕೊಳ್ಳಿ’ ಎಂದು ತಾವಾಗಿ ಫೋನು ಮಾಡುವವರು ರಿಪೇರಿಯವರಲ್ಲ, ಕಳ್ಳರು. ಕರೆಯದೆ ಬಂದು ‘ನಿಮ್ಮ ಬಾವಿ ಇಳಿದು ನೋಡುತ್ತೇನೆ’ ಎನ್ನುವವನನ್ನು ಯಾರಾದರೂ ಒಳಗೆ ಬಿಟ್ಟಾರೇ? ಮೋಸಹೋದವರು ನಾಚಿಕೆಯಿಂದ ಸುಮ್ಮನಿರದೆ ಒಡನೆಯೇ 1930ಕ್ಕೆ ಫೋನು ಮಾಡಬೇಕು. ತಡವಾದಷ್ಟೂ ಹಣ ಕೈತಪ್ಪುವುದು.

ಎಲ್ಲವನ್ನೂ ನಾವೇ ಸರಿಪಡಿಸಬಲ್ಲೆವೆಂದು ಹೇಳುವ ಉದ್ಧಟತನ ನಮ್ಮದಲ್ಲ. ಸುಟ್ಟ ವಾಸನೆ ಬಂದರೆ, ಒಳಗೆ ಟಕಟಕ ಶಬ್ದವಾದರೆ, ಯಂತ್ರವನ್ನು ಆರಿಸಿ ಬಲ್ಲವರನ್ನು ಕರೆಯಲೇಬೇಕು. ಆದರೆ ಬಂದವರು ‘ಎಲ್ಲ ಅಳಿಸಬೇಕು’ ಎಂದಾಗ ‘ಮೊದಲು ನಮ್ಮ ಫೈಲುಗಳ ಪ್ರತಿ ತೆಗೆಯಿರಿ’ ಎಂದು ಹೇಳುವಷ್ಟು ಧೈರ್ಯ ನಮ್ಮಲ್ಲಿ ಪ್ರತಿಯೊಬ್ಬರಿಗೂ ಇರಬೇಕು. ಅದನ್ನು ಹೇಳಲು ಪದವಿ ಬೇಕಿಲ್ಲ.

ಸಹಾಯ ನಿಧಿಯ ಪಟ್ಟಿಯು ಈಗ ಯೂನಿಕೋಡಿಗೆ ಬಂದಿದೆ. ಮೂರು ಕಡೆ ಪ್ರತಿಯೂ ಇದೆ. ಅಕ್ಷರದ ಚೌಕವನ್ನು ಗುರುತಿಸಿದ ಆ ಹುಡುಗನೇ ಪ್ರತಿ ಭಾನುವಾರ ಮಧ್ಯಾಹ್ನ ಊಟದ ಗದ್ದಲ ಮುಗಿದ ಮೇಲೆ ಕುಳಿತು ಅದನ್ನು ತಿದ್ದುತ್ತಾನೆ. ಅವನು ಓದಿರುವುದು ಎಂಟನೆಯ ತರಗತಿ.